ಹಾಲಿಗೆ ಐದು ರೂಪಾಯಿ, ಹುಲ್ಲಿಗೆಷ್ಟು?

2025ರ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ದುಬಾರಿಯಾಯಿತು. ಇಂದಿರಾನಗರದ ನಮ್ಮ ಬೀದಿಯ ಹಾಲಿನ ಬೂತಿನ ಮುಂದೆ ಒಂದಿಷ್ಟು ದಿನ ಅದೇ ಮಾತು. ಇನ್ನು ಕಾಫಿ ಬಿಡುವುದೇ ಸೈ ಎಂದವರಿದ್ದರು; ಹೆಚ್ಚಿಸಿದ ದುಡ್ಡು ಹಾಲು ಹಾಕುವ ರೈತರಿಗೇ ಹೋಗುತ್ತದಂತೆ, ಹೋಗಲಿ ಬಿಡಿ ಎಂದವರೂ ಇದ್ದರು. ಎರಡನೆಯ ಮಾತು ನನಗೆ ಹಿಡಿಸಿತು. ದುಡ್ಡು ಯಾರ ಕೈ ಸೇರುತ್ತದೆ ಎಂದು ಗೊತ್ತಾದರೆ ಪಟ್ಟಣದವರು ಕೊಡಲು ತೀರ ಹಿಂದೆಮುಂದೆ ನೋಡುವುದಿಲ್ಲ.

ಈ ದರವಲ್ಲದೆ ಸರ್ಕಾರ ತನ್ನ ಬೊಕ್ಕಸದಿಂದಲೂ ಹಾಲು ಉತ್ಪಾದಕರಿಗೆ ಪ್ರೋತ್ಸಾಹಧನ ಕೊಡುತ್ತದೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದದ್ದು 2013ರಲ್ಲಿ 4 ಆಯಿತು, 2016ರಲ್ಲಿ 5 ಆಯಿತು. ದಿನಕ್ಕೆ ಎಂಟು ಲೀಟರ್ ಕರೆಯುವ ಹಸು ವರ್ಷದಲ್ಲಿ ಮುನ್ನೂರು ದಿನ ಹಾಲು ಕೊಟ್ಟರೆ ಆ ಮನೆಗೆ ಪ್ರೋತ್ಸಾಹಧನದ ಬಾಬ್ತಿನಲ್ಲೇ 12,000 ರೂಪಾಯಿ ಬರಬೇಕು. ಒಳ್ಳೆಯ ಕೆಲಸ. ಇದೇ ಸರ್ಕಾರ ಹೊಲದ ಬದುವಿನಲ್ಲಿ ಗಿಡ ನೆಟ್ಟರೆ ದುಡ್ಡು ಕೊಡುತ್ತದೆ. ಕೃಷಿಹೊಂಡಕ್ಕೆ, ಹನಿ ನೀರಾವರಿಗೆ, ಮೇವು ಕತ್ತರಿಸುವ ಯಂತ್ರಕ್ಕೆ ಸಹಾಯಧನ ಕೊಡುತ್ತದೆ. ಆದರೆ ತಾನಾಗಿ ಬೆಳೆದ ಹುಲ್ಲುಗಾವಲನ್ನು ಉಳದೆ, ಮಾರದೆ, ಸೈಟು ಮಾಡದೆ ಇದ್ದಂತೆಯೇ ಉಳಿಸಿಕೊಂಡವರಿಗೆ ಸಿಗುವುದೇನು? ಹೆಚ್ಚೆಂದರೆ, 'ಆ ಜಾಗ ಸುಮ್ಮನೆ ಬಿದ್ದಿದೆಯಲ್ಲ' ಎಂಬ ಮಾತು. ಹಾಲಿಗೆ ಕೊಡುವ ಸರ್ಕಾರ ಹುಲ್ಲು ಕಾಯುವವರಿಗೂ ಕೊಡಬೇಕು, ಅದೂ ಹುಲ್ಲು ಉಳಿದದ್ದನ್ನು ಕಣ್ಣಾರೆ ನೋಡಿ ಕೊಡಬೇಕು ಎಂಬುದೇ ಇವತ್ತು ನಾನು ಹೇಳಬೇಕೆಂದಿರುವುದು.

ಇಂದಿರಾನಗರದಲ್ಲಿ ಕೂತವರಿಗೆ ಹುಲ್ಲಿನ ಉಸಾಬರಿ ಏಕೆ ಎಂದು ಕೇಳಬಹುದು. ನಮ್ಮ ಬಡಾವಣೆಗೆ ಕಾಗದಪತ್ರಗಳಲ್ಲಿ ಎಚ್.ಎ.ಎಲ್. ಎರಡನೇ ಹಂತ ಎಂದು ಹೆಸರು. ಅದಕ್ಕೆ ಮೊದಲು ಇಲ್ಲಿದ್ದದ್ದು ಬಿನ್ನಮಂಗಲ, ದೂಪನಹಳ್ಳಿ, ಕೋಡಿಹಳ್ಳಿ, ದೊಮ್ಮಲೂರು, ತಿಪ್ಪಸಂದ್ರ. ಹೊಲ, ಕೆರೆ, ದನಕರುಗಳಿದ್ದ ಹಳ್ಳಿಗಳು. ಪಕ್ಕದ ಹಲಸೂರಿನಲ್ಲಿ 1809ರ ಹೊತ್ತಿಗೆ ದಂಡು ಬೀಡುಬಿಟ್ಟಿತು. ಅಂದಿನ ಕುದುರೆ ಪಡೆಗಳಲ್ಲಿ ಪ್ರತಿ ಕುದುರೆಗೂ ಅದನ್ನು ನೋಡಿಕೊಳ್ಳುವ ಒಬ್ಬ ಸಯೀಸ, ಜೊತೆಗೆ ಹುಲ್ಲು ಕೊಯ್ದು ತರುವುದಕ್ಕೇ ಇನ್ನೊಬ್ಬ ಆಳು ಇರುವುದು ವಾಡಿಕೆ. ಅಂದರೆ ಹುಲ್ಲಿಗೆ ಸಂಬಳ ಕೊಟ್ಟು ಬಾಳಿದ ಊರು ಇದು. ಈಗಲೂ ಕೊಡುತ್ತಿದ್ದೇವೆ. ಚಲ್ಲಘಟ್ಟ ಕೆರೆಯಿದ್ದ ಜಾಗದಲ್ಲಿ ಇವತ್ತು ಗಾಲ್ಫ್ ಮೈದಾನವಿದೆ. ಅಲ್ಲಿನ ಹುಲ್ಲಿಗೆ ನೀರುಂಟು, ಗೊಬ್ಬರವುಂಟು, ಕತ್ತರಿಸುವ ಯಂತ್ರವುಂಟು, ನೋಡಿಕೊಳ್ಳಲು ಆಳುಗಳುಂಟು. ಹುಲ್ಲನ್ನು ಸಾಕಲು ದುಡ್ಡು ಬೇಕು ಎಂಬುದನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ದನ ಮೇಯುವ ಹುಲ್ಲಿನ ವಿಷಯಕ್ಕೆ ಬಂದಾಗ ಮಾತ್ರ ಅದು ನೆನಪಾಗುವುದಿಲ್ಲ.

ಊರಿನ ಸೊತ್ತು ಕಾಯುವವರಿಗೆ ಏನಾದರೂ ಕೊಡಬೇಕೆಂಬ ವಿವೇಕ ನಮ್ಮ ನಾಡಿನಲ್ಲಿ ಬಹಳ ಹಳೆಯದು. ಕೆರೆ ಕಟ್ಟಿಸಿದವರಿಗೆ, ಏರಿ ದುರಸ್ತಿ ಮಾಡಿಸಿದವರಿಗೆ ಆ ಕೆರೆಯ ಕೆಳಗಿನ ಗದ್ದೆಯನ್ನೇ ಬಿಟ್ಟುಕೊಟ್ಟದ್ದನ್ನು ಶಾಸನಗಳು ಹೇಳುತ್ತವೆ. ಕೆರೆಗೊಡಗೆ, ಬಿತ್ತುವಟ್ಟ ಎಂಬ ದತ್ತಿಗಳು ಅವು. ತುರು ಹೊಡೆದುಕೊಂಡು ಹೋಗಲು ಬಂದವರ ಮೇಲೆ ಬಿದ್ದು ಸತ್ತವನಿಗೆ ವೀರಗಲ್ಲು ನೆಟ್ಟು ಸುಮ್ಮನಾಗುತ್ತಿರಲಿಲ್ಲ. ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಕೊಡುತ್ತಿದ್ದರು. ತೀರ ಈಚಿನವರೆಗೂ ಕೆರೆಯ ನೀರು ಹಂಚುವ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಿಂದ ಪಾಲು ಹೋಗುತ್ತಿತ್ತು. 1961ರ ಕಾಯ್ದೆ ಈ ವಂಶಪಾರಂಪರ್ಯದ ಗ್ರಾಮ ಚಾಕರಿಗಳನ್ನು ರದ್ದು ಮಾಡಿತು. ಹುಟ್ಟಿದ ಜಾತಿಗೆ ಗಂಟುಬಿದ್ದ ಊಳಿಗ ಹೋಗಲೇಬೇಕಿತ್ತು, ಹೋಯಿತು. ಆದರೆ ತೂಬು ನೋಡುವ ಕೆಲಸ ಹೋಗಲಿಲ್ಲವಲ್ಲ! ಅದಕ್ಕೆ ಬೇರೆ ಕೂಲಿಯ ಏರ್ಪಾಡಾಗದ ಕಡೆಗಳಲ್ಲಿ ಕೆರೆಗಳು ಏನಾದವು ಎಂಬುದು ತಮಗೆ ಗೊತ್ತೇ ಇದೆ.

ಹುಲ್ಲಿನ ಕಥೆಯೂ ಹೆಚ್ಚು ಕಡಿಮೆ ಹಾಗೆಯೇ ನಡೆಯಿತು. ಕರ್ನಾಟಕ ಭೂ ಕಂದಾಯ ನಿಯಮಗಳಲ್ಲಿ, 1966ರ ನಿಯಮಗಳು ಅವು, 97ನೆಯದು ಗೋಮಾಳದ ನಿಯಮ. ಊರಿನಲ್ಲಿರುವ ನೂರು ದನಗಳಿಗೆ 12 ಹೆಕ್ಟೇರಿನಂತೆ, ಎಂದರೆ ಸುಮಾರು ಮೂವತ್ತು ಎಕರೆ, ಮೇವಿಗೆ ಮೀಸಲಿಡಬೇಕು. ಜಿಲ್ಲಾಧಿಕಾರಿ ಅದನ್ನು ಕಡಿಮೆ ಮಾಡಲು ದಾರಿಯನ್ನೂ ಅದೇ ನಿಯಮ ಬಿಟ್ಟಿದೆ. ಆ ದಾರಿಯಲ್ಲಿ ನಿವೇಶನಗಳು ಬಂದವು, ಬಗರ್‌ಹುಕುಂ ಸಾಗುವಳಿ ಬಂತು, ಸಂಘಸಂಸ್ಥೆಗಳು ಬಂದವು. ಊರ ಸಾಮುದಾಯಿಕ ಜಮೀನುಗಳ ಒತ್ತುವರಿ ತೆರವು ಮಾಡಿಸಿರೆಂದು ಸುಪ್ರೀಂ ಕೋರ್ಟು 2011ರಲ್ಲಿ ಪಂಜಾಬಿನ ಒಂದು ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಬೆಂಗಳೂರಿನ ಸುತ್ತ ಅಷ್ಟರಲ್ಲಿ ಬಹಳಷ್ಟು ಗೋಮಾಳ ಪಹಣಿಯ ಕಾಲಂ ಒಂದರಲ್ಲಿ ಮಾತ್ರ ಉಳಿದಿತ್ತು.

ಗೋಮಾಳಕ್ಕಿಂತ ದೊಡ್ಡವು ಅಮೃತಮಹಲ್ ಕಾವಲುಗಳು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಅದರ ಎತ್ತುಗಳು ಫಿರಂಗಿ ಎಳೆದವು, ದಂಡಿನ ಸಾಮಾನು ಹೊತ್ತವು. ಅವುಗಳನ್ನು ಸಾಕಿದ ಕಾವಲುಗಳನ್ನು ಕಾಲಕ್ಕೆ ತಕ್ಕಂತೆ ವಿಂಗಡಿಸಿದ್ದರು. ಮಳೆಗಾಲಕ್ಕೆ ಒಂದಷ್ಟು, ಚಳಿಗಾಲಕ್ಕೆ ಇನ್ನಷ್ಟು. ಬೇಸಗೆಗೆ ಕೆರೆಯಂಗಳದ, ಮರದ ನೆರಳಿರುವ ಕಾವಲುಗಳು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚೇತರಿಸಿಕೊಳ್ಳುತ್ತಿತ್ತು. ಇದನ್ನೆಲ್ಲ ನಡೆಸಲು ಸರ್ಕಾರವೇ ಕಾವಲುಗಾರರನ್ನು ಇಟ್ಟು ಸಾಕುತ್ತಿತ್ತು. ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಆ ಕಾವಲುಗಳಲ್ಲಿ ಇಂದು ಉಳಿದಿರುವುದು ಅರವತ್ತು ಸಾವಿರ ಎಕರೆಯ ಆಸುಪಾಸು.

ಹೋದದ್ದರಲ್ಲಿ ಒಂದು ದೊಡ್ಡ ತುಂಡಿಗೂ ನಮ್ಮ ಬಡಾವಣೆಗೂ ನಂಟಿದೆ. ಹೊಸ ತಿಪ್ಪಸಂದ್ರದ ಆಚೆ ರಕ್ಷಣಾ ಸಂಶೋಧನೆಯ ವೈಮಾನಿಕ ಸಂಸ್ಥೆ ಎ.ಡಿ.ಇ. ಇದೆ. ಅಲ್ಲಿ ರೂಪುಗೊಂಡ ಪೈಲಟ್‌ರಹಿತ ವಿಮಾನಗಳು ಹಾರುವುದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿ. 2009-10ರ ಸುಮಾರಿಗೆ ಅಲ್ಲಿನ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಡಿ.ಆರ್.ಡಿ.ಒ., ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಹೋಯಿತು. ಚಂದ್ರನ ಮೇಲಿಳಿಯುವ ತಾಲೀಮಿಗೆ ಇಸ್ರೊ ಕೃತಕ ಕುಳಿಗಳನ್ನು ತೋಡಿದ್ದು ಉಳ್ಳಾರ್ತಿ ಕಾವಲಿನಲ್ಲಿ. ಆ ಸಾಧನೆಗೆ ನಾವೆಲ್ಲ ಚಪ್ಪಾಳೆ ತಟ್ಟಿದ್ದೇವೆ, ತಟ್ಟಬೇಕಾದದ್ದೇ. ಆದರೆ ಅದೇ ಬಯಲಿನಲ್ಲಿ ಕುರಿ ಮೇಯಿಸಿ, ಉಣ್ಣೆ ಕತ್ತರಿಸಿ, ಚಳ್ಳಕೆರೆಯ ಹೆಸರಾಂತ ಕಂಬಳಿ ನೇಯುತ್ತಿದ್ದ ಮನೆಗಳಿದ್ದವು. ಮ್ಯಾಸಬೇಡರ ದೇವರ ಎತ್ತುಗಳ ಹಿಂಡುಗಳಿದ್ದವು, ಅವುಗಳನ್ನು ಕಾಯುವ ಕಿಲಾರಿಗಳಿದ್ದರು. ಪಟ್ಟೆಯಿದ್ದ ಜಮೀನು ಹೋದರೆ ಪರಿಹಾರಕ್ಕೊಂದು ಲೆಕ್ಕವಿದೆ. ಪಟ್ಟೆಯಿಲ್ಲದೆ ತಲೆಮಾರುಗಳಿಂದ ಮೇಯಿಸಿಕೊಂಡು ಬಂದವರ ಮೇವಿಗೆ ಯಾವ ಲೆಕ್ಕ? ಗ್ರಾಮಸ್ಥರೂ ಪರಿಸರ ಹೋರಾಟಗಾರರೂ ಹಸಿರು ನ್ಯಾಯಮಂಡಳಿಯವರೆಗೆ ಹೋಗಬೇಕಾಯಿತು.

ಹುಲ್ಲಿಗೆ ಮೊದಲೇ ಒಂದು ಬೆಲೆ ಕಟ್ಟಿದ್ದರೆ, ಆ ಬೆಲೆ ವರ್ಷವರ್ಷ ಯಾರದ್ದಾದರೂ ಖಾತೆಗೆ ಜಮೆಯಾಗುತ್ತಿದ್ದರೆ, ಆ ನೆಲವನ್ನು ಖಾಲಿ ಜಾಗವೆಂದು ಕಡತದಲ್ಲಿ ಬರೆಯುವುದು ಅಷ್ಟು ಸುಲಭವಾಗುತ್ತಿರಲಿಲ್ಲ.

ಈಗ ನಮಗೆ ಹತ್ತಿರದ ಹೆಸರಘಟ್ಟಕ್ಕೆ ಬರೋಣ. 1890ರ ದಶಕದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅರ್ಕಾವತಿಗೆ ಕಟ್ಟಿದ ಆ ಕೆರೆಯಿಂದಲೇ ಬೆಂಗಳೂರಿಗೆ ಮೊದಲ ಸಲ ಕೊಳವೆ ನೀರು ಬಂದದ್ದು. ಆ ಕೆರೆಗೆ ಹೊಂದಿಕೊಂಡ ಹುಲ್ಲುಗಾವಲಿನಲ್ಲಿ ಮಳೆಗಾಲ ಮುಗಿದ ಮೇಲೆ ನಡೆದು ನೋಡಿ. ಹಂಚಿಕಡ್ಡಿ, ಕರಡ ಮೊಣಕಾಲೆತ್ತರ ನಿಂತಿರುತ್ತವೆ. ಕರಡದ ಬೀಜಕ್ಕೆ ಈಟಿಯ ಮೊನೆಯಂಥ ತುದಿ, ಹಿಂದೆ ತಿರುಚಿದ ಬಾಲ. ಕಾಲುಚೀಲಕ್ಕೆ ಹತ್ತಿಕೊಂಡರೆ ಕೀಳಲು ಅರ್ಧ ಗಂಟೆ ಬೇಕು. ಕುರಿಯ ಉಣ್ಣೆಗೆ ಹೊಕ್ಕರೆ ಚರ್ಮಕ್ಕೇ ಇಳಿಯುತ್ತದೆ. ಎಳೆಯದಿದ್ದಾಗ ದನ ಆಸೆಯಿಂದ ತಿನ್ನುವ ಇದೇ ಹುಲ್ಲನ್ನು ಬಲಿತ ಮೇಲೆ ಮೂಸಿಯೂ ನೋಡುವುದಿಲ್ಲ. ಯಾವಾಗ ಮೇಯಿಸಬೇಕು, ಯಾವಾಗ ಬಿಡಬೇಕು, ಎಷ್ಟು ಬೀಜ ನೆಲಕ್ಕೆ ಬೀಳಬೇಕು ಎಂಬ ಲೆಕ್ಕ ಕುರಿಗಾಹಿಗೆ ಗೊತ್ತು. ಬೇಲಿ ಹಾಕಿ ಮೇಯಿಸುವುದನ್ನೇ ನಿಲ್ಲಿಸಿದರೂ ಹುಲ್ಲುಗಾವಲು ಉಳಿಯುವುದಿಲ್ಲ. ಲಂಟಾನ, ಬಳ್ಳಾರಿ ಜಾಲಿ ಎದ್ದುಬಿಡುತ್ತವೆ. ಚಳಿಗಾಲಕ್ಕೆ ದೂರದೇಶಗಳಿಂದ ಬರುವ ಹ್ಯಾರಿಯರ್ ಹದ್ದುಗಳಿಗೆ, ನೆಲದಲ್ಲೇ ಮೊಟ್ಟೆಯಿಡುವ ಪುಟ್ಟ ಹಕ್ಕಿಗಳಿಗೆ, ನರಿಗಳಿಗೆ ಬೇಕಾದದ್ದು ಪೊದೆಯಲ್ಲ, ಹುಲ್ಲು.

ಈ ಜಾಗವನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸುವ ಪ್ರಸ್ತಾವ 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿಯ ಮುಂದೆ ಬಂದಾಗ ತಿರಸ್ಕೃತವಾಯಿತು. ವಿಷಯ ಹೈಕೋರ್ಟಿಗೆ ಹೋಯಿತು. 2024ರಲ್ಲಿ ಮಂಡಳಿ ಒಪ್ಪಿತು, 5,678 ಎಕರೆ. ಮೊದಲ ಸಲದ ವಿರೋಧಕ್ಕೆ ಸುತ್ತಲ ಹಳ್ಳಿಗಳ ಅಂಜಿಕೆಯೂ ಒಂದು ಕಾರಣ. ನಾಳೆ ಅರಣ್ಯ ಇಲಾಖೆ ದನ ಬಿಡುವುದಕ್ಕೂ ತಕರಾರು ಮಾಡೀತು, ನಮ್ಮ ಹೊಲದ ಬೆಲೆ ಬಿದ್ದೀತು ಎಂಬ ಅಂಜಿಕೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಂತೆ ಇಂಥ ಮೀಸಲಿನ ಆಡಳಿತ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳು ಕೂರುತ್ತಾರೆ. ಅದು ಸರಿ. ಆದರೆ ಸಮಿತಿಯ ಕುರ್ಚಿಯಿಂದ ಕೊಟ್ಟಿಗೆ ತುಂಬುವುದಿಲ್ಲ. ಪಕ್ಕದ ಹೊಲ ಸೈಟಾಗಿ ಕೋಟಿಗೆ ಹೋಗುತ್ತಿರುವಾಗ, ಹಕ್ಕಿಗಾಗಿ ಹುಲ್ಲು ಬಿಡಿ ಎಂದು ಪಟ್ಟಣದಿಂದ ಕಾರಿನಲ್ಲಿ ಹೋಗಿ ಬುದ್ಧಿ ಹೇಳಿದರೆ ಯಾರು ಕೇಳುತ್ತಾರೆ? ನಾನಾದರೂ ಕೇಳುತ್ತಿರಲಿಲ್ಲ.

ಹಾಗಾದರೆ ದುಡ್ಡು ಕೊಟ್ಟರೆ ಎಲ್ಲ ಸರಿಯಾಗುತ್ತದೆಯೇ? ಹೇಗೆ ಕೊಡುತ್ತೇವೆ ಎಂಬುದರ ಮೇಲೆ ಹೋಗುತ್ತದೆ. ದುಡ್ಡು ಕೊಟ್ಟೇ ಹಾಳು ಮಾಡಿದ್ದೂ ಉಂಟು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ನೀಲಗಿರಿ ಸಸಿಗಳನ್ನು ಹಂಚಿದರು. ಕೋಲಾರ, ಬೆಂಗಳೂರು ಗ್ರಾಮಾಂತರ, ತುಮಕೂರಿನ ಎಷ್ಟೋ ಬಯಲುಗಳು ನೀಲಗಿರಿ ತೋಪುಗಳಾದವು. ಅಂತರ್ಜಲದ ಗೋಳು ಕೇಳಿ ಕೇಳಿ, ಇನ್ನು ಮುಂದೆ ನೀಲಗಿರಿ ನೆಡಕೂಡದೆಂದು ಸರ್ಕಾರವೇ ಆದೇಶ ಹೊರಡಿಸಿದ್ದು 2017ರಲ್ಲಿ. ಹಸಿರೆಂದರೆ ಮರ ಒಂದೇ ಎಂದುಕೊಂಡದ್ದರ ಫಲ ಅದು.

ಸರಿಯಾಗಿ ಕೊಡುವ ಕ್ರಮವೂ ನಮ್ಮಲ್ಲಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಮನೆಗಳ ಹಿತ್ತಿಲಿನ ಹುಣಸೆ ಮರಗಳ ಮೇಲೆ. ಹಕ್ಕಿ ಕೂತ ಮರದಲ್ಲಿ ಹುಣಸೆಹಣ್ಣು ಕೈಗೆ ಹತ್ತುವುದಿಲ್ಲ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು 1970ರ ದಶಕದಲ್ಲಿ ಆ ಊರಿನ ಕಡೆ ಗಮನ ಹರಿಸಿದ ಮೇಲೆ, ಗೂಡಿರುವ ಮರಕ್ಕೆ ಇಷ್ಟೆಂದು ಮರದ ಒಡೆಯರಿಗೆ ಇಲಾಖೆ ಪರಿಹಾರ ಕೊಡಲು ಮೊದಲಿಟ್ಟಿತು. 2007ರಲ್ಲಿ ಅದು ಸಮುದಾಯ ಮೀಸಲಾಯಿತು. ಆ ಹಣ ದೊಡ್ಡದೇನಲ್ಲ, ಹಕ್ಕಿಗಳನ್ನು ಉಳಿಸಿದ್ದು ಊರವರ ಅಕ್ಕರೆ. ಆದರೆ ಆ ಅಕ್ಕರೆಯ ಖರ್ಚನ್ನೆಲ್ಲ ನೀವೇ ಹೊತ್ತುಕೊಳ್ಳಿ ಎಂದು ಸರ್ಕಾರ ಕೈಕಟ್ಟಿ ಕೂರಲಿಲ್ಲ.

ಇನ್ನೊಂದು, ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ರೈತ ನೆಟ್ಟ ಗಿಡ ಬದುಕಿದೆಯೇ ಎಂದು ಅರಣ್ಯ ಇಲಾಖೆಯವರು ವರ್ಷಕ್ಕೊಮ್ಮೆ ಹೊಲಕ್ಕೆ ಬಂದು ಎಣಿಸುತ್ತಾರೆ. ಮೂರು ವರ್ಷ, ಮೂರು ಕಂತು. ಗಿಡವೊಂದಕ್ಕೆ ಒಟ್ಟು 125 ರೂಪಾಯಿ. ನೆಟ್ಟದ್ದಕ್ಕಲ್ಲ, ಉಳಿದದ್ದಕ್ಕೆ. ಈ ಒಂದು ಸೂತ್ರವನ್ನು ಹುಲ್ಲಿಗೆ ದಾಟಿಸಿದರೆ ಸಾಕು.

ಹುಲ್ಲು ಉಳಿದಿದೆಯೆಂದು ಅಳೆಯುವುದು ಹೇಗೆ ಎಂದರೆ ಅದಕ್ಕೂ ಮೇಲ್ಪಂಕ್ತಿಯಿದೆ. ಐರ್ಲೆಂಡಿನ ಬರ‍್ರೆನ್ ಎಂಬ ಸುಣ್ಣಕಲ್ಲಿನ ಗುಡ್ಡಗಾಡಿನಲ್ಲಿ ರೈತರು ಚಳಿಗಾಲದಲ್ಲಿ ದನಗಳನ್ನು ಗುಡ್ಡಕ್ಕೆ ಹೊಡೆಯುತ್ತಾರೆ. ಬಲಿತ ಹುಲ್ಲನ್ನು ದನ ಮೇಯ್ದರೆ ವಸಂತದಲ್ಲಿ ಹೂಗಿಡಗಳಿಗೆ ಬೆಳಕು ಸಿಗುತ್ತದೆ. ಅಲ್ಲಿನ ಯೋಜನೆಯಲ್ಲಿ ತಿಳಿದವರೊಬ್ಬರು ಹುಲ್ಲುಗಾವಲಿನಲ್ಲಿ ಅಡ್ಡಾಡಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. ಒಣಹುಲ್ಲು ಎಷ್ಟು ಉಳಿದಿದೆ, ಪೊದೆ ಎಷ್ಟು ಹಬ್ಬಿದೆ, ನೀರಿನ ತಾಣದ ಸುತ್ತ ನೆಲ ತುಳಿದು ಕೆಟ್ಟಿದೆಯೇ ಎಂದು ನೋಡುತ್ತಾರೆ. ಅಂಕ ಏರಿದರೆ ದುಡ್ಡು ಏರುತ್ತದೆ. ಹೀಗೆ ಮಾಡು, ಹಾಗೆ ಮಾಡಬೇಡ ಎಂಬ ಉಪದೇಶ ಕಡಿಮೆ. ಹೇಗೆ ಮಾಡಬೇಕೆಂಬುದು ರೈತನ ಜಾಣ್ಮೆಗೆ ಬಿಟ್ಟದ್ದು.

ಅಮೆರಿಕದಿಂದ ಕಲಿಯಬೇಕಾದದ್ದು ಬೇರೆಯೇ ಪಾಠ. 1985ರಿಂದ ಅಲ್ಲಿ ಜಮೀನನ್ನು ಉಳದೆ ಹುಲ್ಲಿಗೆ ಬಿಟ್ಟವರಿಗೆ ಹತ್ತರಿಂದ ಹದಿನೈದು ವರ್ಷಗಳ ಕರಾರಿನ ಮೇಲೆ ಸರ್ಕಾರ ವರ್ಷವರ್ಷ ಬಾಡಿಗೆ ಕೊಡುತ್ತದೆ. 2007ರಲ್ಲಿ 3.6 ಕೋಟಿ ಎಕರೆಗೂ ಹೆಚ್ಚು ನೆಲ ಹಾಗಿತ್ತು. ಮೆಕ್ಕೆಜೋಳಕ್ಕೆ ಬೆಲೆ ಬಂತು ನೋಡಿ, ಕರಾರು ಮುಗಿದ ರೈತರು ಮತ್ತೆ ನೇಗಿಲು ಹೂಡಿದರು. ಪೇಟೆಯ ಬೆಲೆಯ ಜೊತೆ ಹೆಜ್ಜೆ ಹಾಕದ ಸಹಾಯಧನ ಹುಲ್ಲನ್ನು ಕಾಯಲಾರದು. ಅದಕ್ಕೇ ನಾನು ಬೆಂಗಳೂರಿನ ಅಂಚಿನ ಜಮೀನಿಗಿಂತ ಮೊದಲು ಇನ್ನೂ ಉಳಿದಿರುವ ಗೋಮಾಳ, ಕಾವಲುಗಳ ಮಾತಾಡುತ್ತೇನೆ. ಸೈಟಿನ ಬೆಲೆಯೊಡನೆ ಯಾವ ಸಹಾಯಧನವೂ ಸ್ಪರ್ಧಿಸಲಾರದು. ಸರ್ಕಾರದ ಹೆಸರಿನಲ್ಲೇ ಇರುವ ನೆಲವನ್ನು ಮಾರದೆ ಇರಲು ಸರ್ಕಾರಕ್ಕೆ ಮನಸ್ಸೊಂದಿದ್ದರೆ ಸಾಕು. ಅದನ್ನು ಹುಲ್ಲುಗಾವಲಾಗಿ ಇಟ್ಟುಕೊಳ್ಳಲು ಮಾತ್ರ ಅಲ್ಲಿ ದಿನವೂ ಹೆಜ್ಜೆಯಿಡುವವರ ಕೈ ಬೇಕು.

ನನ್ನ ಎಣಿಕೆ ಹೀಗಿದೆ. ಎಕರೆಗೆ ವರ್ಷಕ್ಕೆ 3,000 ರೂಪಾಯಿ ಎಂದಿಟ್ಟುಕೊಳ್ಳಿ. ಅದು ಒಬ್ಬ ಒಡೆಯನಿಗೆ ಹೋಗುವ ಹಣವಲ್ಲ. ಆ ಊರಿನಲ್ಲಿ ದನ, ಕುರಿ, ಮೇಕೆ ಸಾಕಿ ಅಲ್ಲೇ ಮೇಯಿಸುವ ಮನೆಗಳಿಗೆ ಹಂಚಿಕೆಯಾಗಬೇಕು. ಜಮೀನೇ ಇಲ್ಲದ ಕುರಿಗಾಹಿಯ ಹೆಸರು ಪಟ್ಟಿಯಲ್ಲಿ ಮೊದಲು ಬರಬೇಕು, ಏಕೆಂದರೆ ಪಹಣಿ ಕೇಳುವ ಯೋಜನೆಗಳೆಲ್ಲ ಅವನನ್ನು ಹೊರಗೇ ನಿಲ್ಲಿಸುತ್ತವೆ. ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು 2002ರ ಕಾಯ್ದೆಯೇ ಹೇಳುತ್ತದೆ. ಹಿಂಗಾರು ಮುಗಿದ ಮೇಲೆ ಒಮ್ಮೆ ಆ ಸಮಿತಿಯೂ ಹೊರಗಿನ ಒಬ್ಬ ತಜ್ಞರೂ ಕೂಡಿ ಹುಲ್ಲಿಗೆ ಅಂಕ ಹಾಕಲಿ. ಒತ್ತುವರಿಯಾಗಿದ್ದರೆ ಅಂಕ ಸೊನ್ನೆ. ಹೀಗಾದರೆ ಒತ್ತುವರಿ ಮಾಡುವವನು ತಹಶೀಲ್ದಾರರಿಗೆ ಮಾತ್ರವಲ್ಲ, ಪಕ್ಕದ ಮನೆಯವನಿಗೂ ಉತ್ತರ ಹೇಳಬೇಕಾಗುತ್ತದೆ.

ಹಣ ಎಲ್ಲಿಂದ? 2024ರಲ್ಲಿ ನಂದಿನಿಯ ಹಾಲು ಮಹಾಮಂಡಳದ ಸಂಗ್ರಹ ದಿನಕ್ಕೆ ಒಂದು ಕೋಟಿ ಲೀಟರ್ ಮುಟ್ಟಿತು. ಲೀಟರಿಗೆ 10 ಪೈಸೆಯಂತೆ ತೆಗೆದಿಟ್ಟರೆ ದಿನಕ್ಕೆ 10 ಲಕ್ಷ, ವರ್ಷಕ್ಕೆ 36 ಕೋಟಿ 50 ಲಕ್ಷ ರೂಪಾಯಿ. ಒಂದು ಲಕ್ಷ ಎಕರೆಗೆ, ಎಕರೆಯೊಂದಕ್ಕೆ ಮೂರು ಸಾವಿರದಂತೆ ಕೊಟ್ಟರೂ ಮಿಗುತ್ತದೆ. ಅಷ್ಟು ನೆಲ ಉಳಿದಿರುವ ಅಮೃತಮಹಲ್ ಕಾವಲುಗಳಿಗಿಂತ ಹೆಚ್ಚು. ಆ ಹತ್ತು ಪೈಸೆ ರೈತನ ಪಾಲಿನಿಂದ ಹೋಗಬಾರದು, ಕುಡಿಯುವ ನಮ್ಮಿಂದ ಬರಬೇಕು.

ಅಡ್ಡಿಗಳಿಲ್ಲವೆಂದಲ್ಲ. ಸರ್ಕಾರದ ದುಡ್ಡು ತಡವಾಗಿ ಬರುವುದು ಎಲ್ಲಕ್ಕಿಂತ ದೊಡ್ಡ ಅಡ್ಡಿ. ಹಾಲಿನ ಪ್ರೋತ್ಸಾಹಧನವೇ ತಿಂಗಳುಗಟ್ಟಲೆ ಬಾಕಿ ಬಿದ್ದಿದೆಯೆಂದು ರೈತರು ದೂರಿದ್ದನ್ನು ಕೇಳಿದ್ದೇವೆ. ಹುಲ್ಲಿಗೂ ಹಾಗಾದರೆ ಎರಡನೇ ವರ್ಷಕ್ಕೇ ನಂಬಿಕೆ ಹೋಗುತ್ತದೆ, ಹೋದ ನಂಬಿಕೆ ಮತ್ತೆ ಬರುವುದಿಲ್ಲ. ಇನ್ನೊಂದು ಮಾತನ್ನೂ ಗಟ್ಟಿಯಾಗಿ ಹೇಳಬೇಕು: ದುಡ್ಡು ಕೊಟ್ಟೆವಲ್ಲ ಎಂದು ಮೇಯಿಸುವ ಹಕ್ಕನ್ನು ಕಿತ್ತುಕೊಳ್ಳಕೂಡದು. ಹಕ್ಕು ಮೊದಲು, ಕೂಲಿ ಅದರ ಮೇಲೆ.

ಕಾಯಬೇಕಾದ ಹುಲ್ಲು ಬೇರೆಡೆಯೂ ಇದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳ ನಡುವೆ ಬೆರಳೆಣಿಕೆಯ ಹೆಬ್ಬಕ ಹಕ್ಕಿಗಳು ಉಳಿದಿವೆ. ಮಧುಗಿರಿಯ ಮೈದನಹಳ್ಳಿಯ ಬಯಲಿನಲ್ಲಿ, ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿವೆ. ಎಲ್ಲ ಕಡೆಗೂ ಒಮ್ಮೆಲೇ ಹೋಗಬೇಕಾಗಿಲ್ಲ. ಹೆಸರಘಟ್ಟದಲ್ಲಿ ಮೂರು ವರ್ಷ ಮಾಡಿ ನೋಡಲಿ. 5,678 ಎಕರೆಗೆ ನಾನು ಹೇಳಿದ ದರದಲ್ಲಿ ವರ್ಷಕ್ಕೆ ಒಂದು ಕೋಟಿ ಎಪ್ಪತ್ತು ಲಕ್ಷ ರೂಪಾಯಿ ಚಿಲ್ಲರೆ ಆಗುತ್ತದೆ. ಇಂದಿರಾನಗರದಲ್ಲಿ ಇವತ್ತು ಮೂವತ್ತು-ನಲವತ್ತರ ಒಂದು ಸೈಟು ಕೊಳ್ಳಲಿಕ್ಕೂ ಆ ಹಣ ಸಾಲದು. ಯಾರಿಗೆ ಎಷ್ಟು ಸಂದಿತೆಂಬ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಲಿ. ಹುಲ್ಲು ಉಳಿಯದಿದ್ದರೆ ನಾಲ್ಕನೇ ವರ್ಷ ಯೋಜನೆ ನಿಲ್ಲಿಸಲಿ. ಉಳಿದರೆ ಚಳ್ಳಕೆರೆಗೆ, ಸಿರುಗುಪ್ಪಕ್ಕೆ ಒಯ್ಯಲಿ. ನಮ್ಮ ಕ್ಷೇತ್ರದ ಶಾಸಕರು ಚರಂಡಿ, ಪಾರ್ಕಿಂಗ್ ವಿಚಾರಕ್ಕೆ ಸಭೆ ಕರೆದಾಗ ಇದನ್ನೂ ಕೇಳೋಣ. ಬಜೆಟ್ಟಿನಲ್ಲಿ ಹುಲ್ಲಿಗೆ ಒಂದು ಲೆಕ್ಕಶೀರ್ಷಿಕೆ ತೆರೆದರೆ ಮಾತ್ರ ಅದು ಬೀಳು ನೆಲವಲ್ಲವೆಂದು ಸರ್ಕಾರ ಒಪ್ಪಿದಂತೆ.